ವಾರಾಂತ್ಯದ ಕಾರು ಪ್ರದರ್ಶನಕ್ಕೆ ಗಂಡ ಹೆಂಡತಿ ಹೊರಟಾಗ

ಕಾರು ಪ್ರದರ್ಶನ ನೋಡಲೆಂದು ಶನಿವಾರ, ಭಾನುವಾರ ಬೇರೊಂದು ನಗರಕ್ಕೆ ಹೊರಡುವ ದಂಪತಿಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಪತಿಗೆ ಕಾರುಗಳೆಂದರೆ ಪ್ರಾಣ. ಮುಂದಿನ ತಿಂಗಳು ದೊಡ್ಡ ನಗರವೊಂದರಲ್ಲಿ ನಡೆಯುವ ಕಾರು ಪ್ರದರ್ಶನಕ್ಕೆ ಇಬ್ಬರೂ ಹೋಗಿ, ಎರಡು ದಿನ ಅಲ್ಲೇ ಉಳಿದು ಬರೋಣ ಎನ್ನುತ್ತಾರೆ. ನಾವಿಬ್ಬರೇ ಹೊರಗೆ ಹೋಗಿ ಬಹಳ ಕಾಲವಾಗಿರುವುದರಿಂದ ನನಗೂ ಹೋಗುವ ಆಸೆಯಿದೆ. ಆದರೆ ಕಾರುಗಳಲ್ಲಿ ನನಗೆ ಆಸಕ್ತಿಯಿಲ್ಲ. ಶನಿವಾರ ಪೂರ್ತಿ ಅವರಿಗೆ, ಭಾನುವಾರ ಪೂರ್ತಿ ನನಗೆ ಎಂದು ಹಂಚಿಕೊಳ್ಳೋಣ ಎಂಬುದು ಅವರ ಸಲಹೆ. ಇದು ಸರಿಹೋದೀತೇ?

ಉತ್ತರ: ಹಂಚಿಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೂ ಅದಕ್ಕೆ ಒಪ್ಪಬೇಡಿ ಎಂದೇ ನಾನು ಹೇಳುತ್ತೇನೆ. ದಿನಗಳನ್ನು ಹೀಗೆ ಪಾಲು ಮಾಡಿಕೊಂಡರೆ ಶನಿವಾರವೆಲ್ಲ ನೀವು ಅವರ ಪಾಲು ಮುಗಿಯಲೆಂದು ಕಾಯುತ್ತೀರಿ, ಭಾನುವಾರವೆಲ್ಲ ಅವರು ನಿಮ್ಮ ಪಾಲು ಮುಗಿಯಲೆಂದು ಕಾಯುತ್ತಾರೆ. ಜೊತೆಯಾಗಿ ಕಳೆಯಬೇಕಿದ್ದ ಎರಡು ದಿನಗಳು ಒಬ್ಬರಿಗೊಬ್ಬರು ತೀರಿಸುವ ಸಾಲದಂತಾಗುತ್ತವೆ.

ಅದಕ್ಕಿಂತ ಪ್ರದರ್ಶನಕ್ಕೆ ಇಬ್ಬರೂ ಮನಸ್ಸಿಟ್ಟು ಹೋಗಿ, ಆದರೆ ಇಡೀ ದಿನಕ್ಕಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿದ್ದು, ಜನಸಂದಣಿ ಏರುವ ಮಧ್ಯಾಹ್ನದ ಹೊತ್ತಿಗೆ ಹೊರಬರುವ ಹಾಗೆ ಯೋಚಿಸಿ. ಆ ನಾಲ್ಕೈದು ಗಂಟೆಗಳಲ್ಲಿ ಮೊದಲ ಭಾಗವನ್ನು ಒಟ್ಟಿಗೆ ಕಳೆಯಿರಿ. ಪತಿಗೆ ಒಂದೇ ಒಂದು ಕೆಲಸ ಒಪ್ಪಿಸಿ: ಅಲ್ಲಿರುವ ನೂರಾರು ಕಾರುಗಳಲ್ಲಿ ತಮಗೆ ಅತ್ಯಂತ ಪ್ರಿಯವಾದ ಮೂರನ್ನು ಮಾತ್ರ ಆರಿಸಿ, ಅದು ಏಕೆ ಪ್ರಿಯ ಎಂಬುದನ್ನು ನಿಮಗೆ ಅರ್ಥವಾಗುವಂತೆ ಹೇಳಲಿ. ಕಾರುಗಳನ್ನು ಪ್ರೀತಿಸುವವರು ಸಾಮಾನ್ಯವಾಗಿ ಅಶ್ವಶಕ್ತಿ, ವೇಗ ಎಂದು ಅಂಕಿಗಳಿಂದ ಮಾತು ಶುರುಮಾಡುತ್ತಾರೆ. ಅವರನ್ನು ಅಂಕಿಗಳಿಂದ ಕಥೆಗೆ ಎಳೆದು ತನ್ನಿ, ಏಕೆಂದರೆ ಒಳ್ಳೆಯ ಕಾರುಗಳ ಹಿಂದೆ ಒಳ್ಳೆಯ ಕಥೆಗಳಿರುತ್ತವೆ. 1961ರ ಮಾರ್ಚ್‌ನಲ್ಲಿ ಜಗ್ವಾರ್ ಕಂಪನಿ ತನ್ನ ಇ-ಟೈಪ್ ಕಾರನ್ನು ಜಿನೀವಾದಲ್ಲಿ ಮೊದಲ ಬಾರಿಗೆ ತೋರಿಸಿದಾಗ, ಅದರಲ್ಲಿ ಕುಳಿತು ಒಂದು ಸುತ್ತು ಹೋಗಬೇಕೆಂಬವರ ಒತ್ತಡ ಎಷ್ಟು ಹೆಚ್ಚಿತೆಂದರೆ, ಇನ್ನೊಂದು ಕಾರನ್ನು ತಕ್ಷಣ ತರುವಂತೆ ಇಂಗ್ಲೆಂಡಿಗೆ ಕರೆ ಹೋಯಿತು. ಕಂಪನಿಯ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ಹೊರಟು, ರಾತ್ರಿಯಿಡೀ ಓಡಿಸಿ, ಮರುದಿನ ಬೆಳಿಗ್ಗೆ ಜಿನೀವಾ ತಲುಪಿದರು. ಇಂಥದ್ದೊಂದನ್ನು ಕೇಳಿದ ಮೇಲೆ ಆ ಉದ್ದ ಮೂತಿಯ ಕಾರನ್ನು ನೀವು ನೋಡುವ ರೀತಿಯೇ ಬೇರೆಯಾಗುತ್ತದೆ.

ಕಾರುಗಳಲ್ಲಿ ಆಸಕ್ತಿಯಿಲ್ಲ ಎಂದು ನೀವು ಬರೆದಿದ್ದೀರಿ. ಇಂಜಿನ್‌ನಲ್ಲಿ ಆಸಕ್ತಿ ಇಲ್ಲದಿರಬಹುದು, ಅದು ತಪ್ಪಲ್ಲ. ಆದರೆ ಬಣ್ಣ, ಬಟ್ಟೆ, ಹೊಲಿಗೆ, ಬೆಳಕು ಬಾಗುವ ಬಗೆ, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ, ಮತ್ತು ಕಾರು ಪ್ರದರ್ಶನವು ಅವುಗಳ ಪ್ರದರ್ಶನವೂ ಹೌದು. ಜನರಲ್ ಮೋಟರ್ಸ್ ಕಂಪನಿಯು 1927ರಲ್ಲಿ ಹಾರ್ಲಿ ಅರ್ಲ್ ಅವರ ನೇತೃತ್ವದಲ್ಲಿ ವಿನ್ಯಾಸಕ್ಕೆಂದೇ ಒಂದು ವಿಭಾಗ ತೆರೆದಾಗ ಅದಕ್ಕೆ ಇಟ್ಟ ಹೆಸರು 'ಆರ್ಟ್ ಅಂಡ್ ಕಲರ್'. ಕಾರಿನ ಮೈಯನ್ನು ಮೊದಲು ಮೇಣದಂಥ ಜೇಡಿಯಲ್ಲಿ ತಿದ್ದಿ ತೀಡಿ ರೂಪಿಸುವ ಪದ್ಧತಿಯನ್ನು ಬೆಳೆಸಿದವರೂ ಅವರೇ. ಗಣಕಯಂತ್ರಗಳು ಇಷ್ಟು ಮುಂದುವರಿದ ಈ ಕಾಲದಲ್ಲೂ ಹಲವು ಕಂಪನಿಗಳು ನಿಜವಾದ ಅಳತೆಯ ಜೇಡಿಯ ಕಾರನ್ನು ಮಾಡಿ, ಅದರ ಮೇಲೆ ಬೆಳಕು ಬಿಟ್ಟು ನೋಡಿದ ನಂತರವೇ ಅಂತಿಮ ರೂಪಕ್ಕೆ ಒಪ್ಪಿಗೆ ನೀಡುತ್ತವೆ. ಅದೇ ಕಂಪನಿಗೆ 1943ರಲ್ಲಿ ಸೇರಿದ ಹೆಲೆನ್ ರೋಥರ್ ಎಂಬ ಮಹಿಳೆ ಕಾರುಗಳ ಒಳಾಂಗಣದ ಬಣ್ಣ, ಬಟ್ಟೆ, ದೀಪಗಳನ್ನು ರೂಪಿಸಿದರು. ನೀವು ಕಾರಿನೊಳಗೆ ಇಣುಕಿ, ಸೀಟಿನ ಬಟ್ಟೆಗೂ ಬಾಗಿಲಿನ ಹೊದಿಕೆಗೂ ಬಣ್ಣ ಹೇಗೆ ಹೊಂದಿಸಿದ್ದಾರೆ, ಹೊಲಿಗೆ ಎಲ್ಲಿ ನೇರವಾಗಿದೆ, ಎಲ್ಲಿ ಬಾಗಿದೆ, ಕೈ ಸದಾ ತಾಗುವ ಕಡೆ ಮೃದುವಾದ ವಸ್ತು ಬಳಸಿ, ಕೈ ತಾಗದ ಕೆಳಭಾಗಕ್ಕೆ ಅಗ್ಗದ ಪ್ಲಾಸ್ಟಿಕ್ ಹಾಕಿದ್ದಾರೆಯೇ ಎಂದು ನೋಡುತ್ತ ಹೋದರೆ, ನಿಮ್ಮ ಪತಿ ಗಮನಿಸದ ನೂರು ಸಂಗತಿಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ನೀವು ಅವರಿಗೆ ತೋರಿಸಿ.

ಕಾರು ಗಂಡಸರ ವಿಷಯ ಎಂಬ ಭಾವನೆ ಮನಸ್ಸಿನ ಮೂಲೆಯಲ್ಲಿದ್ದರೆ ಒಂದು ಮಾತು. ಕಾರ್ಲ್ ಬೆಂಜ್ ತಮ್ಮ ಮೋಟಾರು ವಾಹನಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಆ ವಾಹನ ದೂರ ಪ್ರಯಾಣಕ್ಕೆ ಯೋಗ್ಯವೆಂದು ಜಗತ್ತಿಗೆ ತೋರಿಸಿಕೊಟ್ಟವರು ಅವರ ಪತ್ನಿ ಬರ್ತಾ. 1888ರ ಆಗಸ್ಟ್‌ನಲ್ಲಿ ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ನೂರು ಕಿಲೋಮೀಟರುಗಳಿಗೂ ಹೆಚ್ಚು ದೂರದ ಫೋರ್ಟ್ಸ್‌ಹೈಮ್‌ಗೆ ಅದನ್ನು ಓಡಿಸಿಕೊಂಡು ಹೋದರು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲಾಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು, ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು, ಬ್ರೇಕ್ ಸವೆದಾಗ ಚಮ್ಮಾರರಿಂದ ತೊಗಲು ಹೊಡೆಸಿದರು. ಗಂಡ ಕಟ್ಟಿದ ಯಂತ್ರದ ಮೇಲೆ ಅವರಿಗಿದ್ದ ಈ ವಿಶ್ವಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಒಟ್ಟಿಗೆ ನೋಡಿದ ಮೇಲೆ ಎರಡು ಗಂಟೆ ಬೇರೆಯಾಗಿ. ಇದನ್ನು ಮುನಿಸು ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರು ಒಂದೇ ಕಾರಿನ ಮುಂದೆ ಅರ್ಧ ಗಂಟೆ ನಿಲ್ಲಲಿ, ನೀವು ನಿಮ್ಮ ಕಣ್ಣು ಕರೆದಲ್ಲಿಗೆ ಹೋಗಿ ಅಥವಾ ಸುಮ್ಮನೆ ಕುಳಿತು ವಿಶ್ರಮಿಸಿ. ಸಾವಿರಾರು ಜನ ಸೇರಿದ ಸಭಾಂಗಣದಲ್ಲಿ ಮೊಬೈಲ್ ಸಂಪರ್ಕ ಕೈಕೊಡುವುದುಂಟು, ಆದ್ದರಿಂದ ಮತ್ತೆ ಸೇರುವ ಜಾಗವನ್ನೂ ಸಮಯವನ್ನೂ ಮೊದಲೇ ನಿಗದಿ ಮಾಡಿಕೊಳ್ಳಿ. ಭಾನುವಾರವನ್ನು 'ನಿಮ್ಮ ದಿನ' ಎನ್ನದೆ ಇಬ್ಬರಿಗೂ ಹೊಸದಾದ ಆ ನಗರಕ್ಕೆ ಬಿಟ್ಟುಕೊಡಿ, ಮತ್ತು ಅದಕ್ಕೆ ಗಂಟೆಗಳ ಪಟ್ಟಿ ಹಾಕಬೇಡಿ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳಬೇಕು. ಪ್ರದರ್ಶನಕ್ಕೆ ಯಾವ ದಿನ ಒಳ್ಳೆಯದು? ಪ್ರದರ್ಶನದ ಪಕ್ಕದಲ್ಲೇ ಹೋಟೆಲ್ ಹಿಡಿಯಬೇಕೆ?

ಉತ್ತರ: ದೊಡ್ಡ ಪ್ರದರ್ಶನಗಳ ಮೊದಲ ಒಂದೆರಡು ದಿನಗಳು ಪತ್ರಕರ್ತರಿಗೆ ಮತ್ತು ವ್ಯಾಪಾರ ವಲಯದವರಿಗೆ ಮೀಸಲಾಗಿರುತ್ತವೆ. ಮುಸುಕು ಸರಿಸಿ ಹೊಸ ಕಾರು ತೋರಿಸುವ ಸಮಾರಂಭಗಳು ಬಹುತೇಕ ಆಗಲೇ ಮುಗಿದಿರುತ್ತವೆ. ವಾರಾಂತ್ಯದಲ್ಲಿ ಹೋಗುವ ನೀವು ಆ ಕ್ಷಣವನ್ನು ನಿರೀಕ್ಷಿಸಿಕೊಂಡು ಹೋಗಬೇಡಿ, ಆದರೆ ಕಾರುಗಳನ್ನು ಹತ್ತಿರದಿಂದ ನೋಡುವ, ಬಾಗಿಲು ತೆರೆದು ಒಳಗೆ ಕೂರುವ ಅವಕಾಶ ಸಾರ್ವಜನಿಕರ ದಿನಗಳಲ್ಲೇ ಸಿಗುತ್ತದೆ. ವಾರಾಂತ್ಯದ ಎರಡು ದಿನಗಳಲ್ಲಿ ಯಾವುದು ಎಂದು ಕೇಳಿದರೆ ಬಾಗಿಲು ತೆರೆಯುವ ಹೊತ್ತಿನ ಶನಿವಾರ ಎನ್ನುತ್ತೇನೆ. ಪ್ರದರ್ಶನದ ಆಯಾಸವನ್ನು ಹೊತ್ತುಕೊಂಡು ಭಾನುವಾರ ರಾತ್ರಿಯ ಪ್ರಯಾಣಕ್ಕೆ ಓಡುವುದು ಇಬ್ಬರಿಗೂ ಹಿತವಲ್ಲ. ಟಿಕೆಟ್‌ಗಳು ಸಾಮಾನ್ಯವಾಗಿ ನಿರ್ದಿಷ್ಟ ದಿನಕ್ಕೆ, ಕೆಲವೊಮ್ಮೆ ನಿರ್ದಿಷ್ಟ ಹೊತ್ತಿಗೆ ಮಾತ್ರ ಸಲ್ಲುತ್ತವೆ ಎಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ.

ಪ್ರದರ್ಶನಾಂಗಣಗಳು ಹೆಚ್ಚಾಗಿ ನಗರದ ಅಂಚಿನಲ್ಲಿರುತ್ತವೆ. ಅದರ ಪಕ್ಕದ ಹೋಟೆಲ್ ಶನಿವಾರ ಬೆಳಿಗ್ಗೆ ಅನುಕೂಲ, ಆದರೆ ಆ ದಿನ ಸಂಜೆಯೂ ಭಾನುವಾರವೂ ನಿಮ್ಮನ್ನು ನಗರದಿಂದ ದೂರ ಇಟ್ಟುಬಿಡುತ್ತದೆ. ನೀವು ಹೋಗುತ್ತಿರುವುದು ಕಾರಿಗಾಗಿ ಮಾತ್ರವಲ್ಲವಾದ್ದರಿಂದ ನಗರದ ಮಧ್ಯದಲ್ಲಿ, ಪ್ರದರ್ಶನಕ್ಕೆ ನೇರವಾಗಿ ಹೋಗುವ ಮೆಟ್ರೊ ಅಥವಾ ರೈಲಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿಯಿರಿ. ಪ್ರದರ್ಶನದ ದಿನಗಳಲ್ಲಿ ಬಾಡಿಗೆ ಏರುವುದರಿಂದ ಬೇಗ ಕಾಯ್ದಿರಿಸಬೇಕು, ಆದರೆ ರದ್ದು ಮಾಡಿದರೆ ಹಣ ಹಿಂತಿರುಗುವ ಷರತ್ತು ಇರಲಿ. ಸ್ವಂತ ಕಾರಿನಲ್ಲೇ ಹೋಗುವುದಾದರೂ ಅದನ್ನು ಹೋಟೆಲಿನಲ್ಲೇ ಬಿಡಿ. ಕಾರುಗಳನ್ನು ನೋಡಲು ಬಂದವರ ಕಾರುಗಳೇ ಅಲ್ಲಿನ ರಸ್ತೆಗಳನ್ನು ತುಂಬಿರುತ್ತವೆ.

ನೆಲದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ತೆಳುವಾದ ಹಾಸಿನ ಕೆಳಗೆ ಗಟ್ಟಿ ಕಾಂಕ್ರೀಟ್ ಇರುತ್ತದೆ, ಸಭಾಂಗಣದಿಂದ ಸಭಾಂಗಣಕ್ಕೆ ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ. ಹೊಸ ಪಾದರಕ್ಷೆ ಬೇಡ. ಎಲ್ಲ ಸ್ಟಾಲುಗಳಲ್ಲೂ ಕೊಡುವ ಕರಪತ್ರಗಳನ್ನು ಹೊತ್ತುಕೊಳ್ಳುವುದೂ ಬೇಡ.

ಪ್ರಶ್ನೆ: ನಮಗೆ ಮದುವೆಯಾಗಿ ಒಂದು ವರ್ಷ. ಮೊದಲ ಕಾರು ಕೊಳ್ಳಬೇಕೆಂದಿದ್ದೇವೆ. ಎಲ್ಲ ಕಂಪನಿಗಳ ಕಾರುಗಳೂ ಒಂದೇ ಕಡೆ ಸಿಗುವುದರಿಂದ ಪ್ರದರ್ಶನಕ್ಕೆ ಹೋಗಿ, ಅಲ್ಲೇ ತೀರ್ಮಾನಿಸಿ ಬುಕಿಂಗ್ ಮಾಡಿ ಬರೋಣವೇ? ಅಲ್ಲಿ ರಿಯಾಯಿತಿಯೂ ಇರುತ್ತದಂತೆ.

ಉತ್ತರ: ಹೋಗಿ, ಎಲ್ಲದರಲ್ಲೂ ಕುಳಿತು ನೋಡಿ, ಆದರೆ ಅಲ್ಲಿ ಹಣ ಕಟ್ಟಬೇಡಿ.

1955ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಸಿಟ್ರೊಯೆನ್ ಡಿಎಸ್ ಕಾರನ್ನು ಮೊದಲು ಕಂಡವರು ಅದರ ರೂಪಕ್ಕೆ ಬೆರಗಾಗಿ, ಮೊದಲ ದಿನವೇ ಸುಮಾರು 12,000 ಬುಕಿಂಗ್ ಮಾಡಿದರು. ಅದು ನಿಜವಾಗಿಯೂ ಅಸಾಧಾರಣ ಕಾರೇ. ಆದರೆ ದ್ರವದ ಒತ್ತಡದಿಂದ ನಡೆಯುವ ಅದರ ಹೊಸ ವ್ಯವಸ್ಥೆಯಲ್ಲಿ ಆರಂಭದ ದಿನಗಳಲ್ಲಿ ತೊಂದರೆಗಳಿದ್ದವು, ಅವನ್ನು ಅನುಭವಿಸಿದವರು ಮೊದಲು ಕೊಂಡವರು. ಪ್ರದರ್ಶನದ ದೀಪಗಳು, ಸಂಗೀತ, ತಿರುಗುವ ವೇದಿಕೆ, ಸುತ್ತಲಿನ ಜನರ ಉತ್ಸಾಹ ಇವೆಲ್ಲ ಸೇರಿ ನಿರ್ಧಾರವನ್ನು ಬೇಗ ಮಾಡಿಸುತ್ತವೆ. ಅಲ್ಲಿ ಸಿಗುವ ರಿಯಾಯಿತಿ ಶೋರೂಮಿನಲ್ಲೂ ಸಿಗುತ್ತದೆಯೇ ಎಂದು ಕೇಳಿ, ಹೇಳಿದ್ದನ್ನು ಬರೆಸಿಕೊಂಡು ಬನ್ನಿ. ಮನೆಗೆ ಮರಳಿ ಒಂದು ವಾರ ಕಳೆದ ಮೇಲೂ ಇಬ್ಬರಿಗೂ ಅದೇ ಕಾರು ಬೇಕೆನ್ನಿಸಿದರೆ ಟೆಸ್ಟ್ ಡ್ರೈವ್ ಮಾಡಿ, ನಂತರ ಕೊಳ್ಳಿ.

ಹಾಗಾದರೆ ಪ್ರದರ್ಶನದಿಂದ ಪ್ರಯೋಜನವೇನು? ಬಹಳಷ್ಟಿದೆ. ಹತ್ತು ಶೋರೂಮುಗಳನ್ನು ಸುತ್ತಿ ಮಾಡಬೇಕಾದ ಹೋಲಿಕೆಯನ್ನು ಅಲ್ಲಿ ಅರ್ಧ ದಿನದಲ್ಲಿ, ಮಾರಾಟಗಾರರ ಒತ್ತಾಯ ಹೆಚ್ಚಿಲ್ಲದೆ ಮಾಡಬಹುದು. ಇಬ್ಬರೂ ಇರುವುದರಿಂದ ಒಬ್ಬರೇ ಮಾಡಲಾಗದ ಒಂದು ಪರೀಕ್ಷೆಯನ್ನು ಮಾಡಿ. ನಿಮ್ಮಲ್ಲಿ ಎತ್ತರವಾಗಿರುವವರು ಚಾಲಕನ ಸೀಟನ್ನು ತಮಗೆ ಸರಿಯಾಗಿ ಹೊಂದಿಸಿಕೊಂಡು ಕೂರಲಿ, ಇನ್ನೊಬ್ಬರು ಅದರ ಹಿಂದೆಯೇ ಕುಳಿತು ಮೊಣಕಾಲಿಗೆ ಎಷ್ಟು ಜಾಗ ಉಳಿಯಿತೆಂದು ನೋಡಲಿ. ಬಳಿಕ ಅದಲುಬದಲಾಗಿ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ನೆಲದಡಿ ಇರುವುದರಿಂದ ಕೆಲವು ಮಾದರಿಗಳಲ್ಲಿ ಹಿಂದಿನ ನೆಲ ಎತ್ತರವಾಗಿ, ಕುಳಿತವರ ಮೊಣಕಾಲು ಮೇಲೆದ್ದು, ತೊಡೆಗೆ ಆಸರೆ ಸಿಗುವುದಿಲ್ಲ. ಎರಡು ನಿಮಿಷ ಕುಳಿತರೆ ಗೊತ್ತಾಗದ ಈ ಕೊರತೆ ಹತ್ತು ನಿಮಿಷ ಕುಳಿತರೆ ಗೊತ್ತಾಗುತ್ತದೆ, ಆದ್ದರಿಂದ ಸಾಲಿನಲ್ಲಿ ಜನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ನಿಧಾನವಾಗಿ ಕುಳಿತುಕೊಳ್ಳಿ. ನಿಮ್ಮಲ್ಲಿ ಗಿಡ್ಡವಾಗಿರುವವರು ಸ್ಟೇರಿಂಗ್ ಮುಂದೆ ಕುಳಿತಾಗ ಮುಂಗಾಜಿನ ಅಂಚಿನ ಕಂಬಗಳು ತಿರುವಿನಲ್ಲಿ ಬರುವ ಪಾದಚಾರಿಯನ್ನು ಮರೆಮಾಡುವಷ್ಟು ದಪ್ಪವೇ ಎಂದು ನೋಡಬೇಕು. ಡಿಕ್ಕಿ ತೆರೆದು, ಭಾರದ ಪೆಟ್ಟಿಗೆಯನ್ನು ಎಷ್ಟು ಎತ್ತರಕ್ಕೆ ಎತ್ತಿ ಒಳಗಿಡಬೇಕಾದೀತು ಎಂದು ಅಂದಾಜು ಮಾಡಿ. ಮುಂದೆ ಮಕ್ಕಳಾದರೆ ಮಗುವಿನ ಸೀಟು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಎಲ್ಲಿವೆ, ಕೈಗೆ ಸುಲಭವಾಗಿ ಸಿಗುತ್ತವೆಯೇ ಎಂಬುದೂ ಮುಖ್ಯ. ಬಣ್ಣವನ್ನು ಮಾತ್ರ ಅಲ್ಲಿ ಆರಿಸಬೇಡಿ. ಸಭಾಂಗಣದ ದೀಪದಡಿ ಹೊಳೆಯುವ ಬಣ್ಣ ಹಗಲಿನ ಬೆಳಕಿನಲ್ಲಿ ಬೇರೆಯೇ ಆಗಿ ಕಾಣುತ್ತದೆ.

ಸುರಕ್ಷತೆಯ ನಕ್ಷತ್ರಗಳ ಫಲಕ ಕಂಡರೆ, ಆ ಪರೀಕ್ಷೆ ಯಾವ ವರ್ಷದ್ದು, ಯಾವ ಮಾದರಿಯದ್ದು ಎಂದು ಕೇಳಲೇಬೇಕು. ಪರೀಕ್ಷೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಕಾರುಗಳನ್ನು ಪರೀಕ್ಷಿಸಿ ಇಂಥ ನಕ್ಷತ್ರಗಳನ್ನು ಕೊಡುವ ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ ತನ್ನ ಶ್ರೇಯಾಂಕಗಳಿಗೆ ಆರು ವರ್ಷದ ಅವಧಿಯನ್ನೇ ನಿಗದಿ ಮಾಡಿದೆ.

ಕೆಲವು ಪ್ರದರ್ಶನಗಳಲ್ಲಿ ಕಾರು ಓಡಿಸಿ ನೋಡಲು ಚಿಕ್ಕ ಹಾದಿಯೊಂದನ್ನು ಮಾಡಿರುತ್ತಾರೆ. ಇದು ಪ್ರದರ್ಶನಗಳಷ್ಟೇ ಹಳೆಯ ಪದ್ಧತಿ. 1898ರಲ್ಲಿ ಪ್ಯಾರಿಸ್‌ನ ಮೊದಲ ಪ್ರದರ್ಶನಕ್ಕೆ ಸೇರಬೇಕಾದ ಕಾರು ಮೊದಲು ಪ್ಯಾರಿಸ್‌ನಿಂದ ವರ್ಸೈಲ್ಸ್‌ಗೆ ತನ್ನ ಬಲದಿಂದಲೇ ಹೋಗಿ ಮರಳಿ ಬರಬೇಕಿತ್ತು, 1900ರಲ್ಲಿ ನ್ಯೂಯಾರ್ಕ್‌ನ ಪ್ರದರ್ಶನದಲ್ಲಿ ಕಾರುಗಳು ಏರು ಹತ್ತಬಲ್ಲವೆಂದು ತೋರಿಸಲು ಮರದ ಇಳಿಜಾರನ್ನೇ ಕಟ್ಟಲಾಗಿತ್ತು. ಅವಕಾಶವಿದ್ದರೆ ನೀವೂ ಓಡಿಸಿ ನೋಡಿ, ಆದರೆ ಸಮತಟ್ಟಾದ ಆ ಹಾದಿಯ ಅನುಭವವನ್ನು ನಿಮ್ಮ ದಿನನಿತ್ಯದ ರಸ್ತೆಯ ಅನುಭವವೆಂದು ಭಾವಿಸಬೇಡಿ.

ಪ್ರಶ್ನೆ: ಪ್ರದರ್ಶನದಲ್ಲಿ ಕಾಣುವ ಅದ್ಭುತ ಕಾನ್ಸೆಪ್ಟ್ ಕಾರುಗಳು ಏಕೆ ರಸ್ತೆಗೆ ಬರುವುದೇ ಇಲ್ಲ? ಅವುಗಳ ಬಾಗಿಲನ್ನೂ ತೆರೆಯಲು ಬಿಡುವುದಿಲ್ಲವಲ್ಲ ಎಂದು ನನ್ನ ಪತ್ನಿ ಕೇಳಿದಳು, ನನಗೆ ಉತ್ತರ ತಿಳಿಯಲಿಲ್ಲ.

ಉತ್ತರ: ಹಲವು ಕಾನ್ಸೆಪ್ಟ್ ಕಾರುಗಳಿಗೆ ತೆರೆದು ತೋರಿಸುವಂಥ ಒಳಭಾಗವೇ ಇರುವುದಿಲ್ಲ. ಹೊರಗಿನ ಕವಚ ಮಾತ್ರ ಇದ್ದು, ಗಾಜು ಕಪ್ಪಾಗಿರುತ್ತದೆ. ಅವು ಮಾರಲು ಮಾಡಿದವಲ್ಲ, ಕಂಪನಿ ಮುಂದೆ ಯಾವ ದಾರಿ ಹಿಡಿಯಬಹುದು ಎಂಬುದನ್ನು ತೋರಿಸಿ ಜನರ ಮುಖಭಾವ ಓದಲು ಮಾಡಿದವು. ದೊಡ್ಡ ಚಕ್ರ, ಸಣ್ಣ ಕನ್ನಡಿ, ಕಂಬಗಳಿಲ್ಲದ ಬಾಗಿಲು ಇವು ನೋಡಲು ಚೆನ್ನ, ಆದರೆ ಅಪಘಾತ ಪರೀಕ್ಷೆ, ಉತ್ಪಾದನಾ ವೆಚ್ಚ, ಮಳೆ, ಧೂಳು, ರಸ್ತೆಗುಂಡಿ ಇವೆಲ್ಲವನ್ನೂ ಎದುರಿಸಬೇಕಾದಾಗ ಉಳಿಯುವುದಿಲ್ಲ.

ಮೊದಲ ಕಾನ್ಸೆಪ್ಟ್ ಕಾರು ಎಂದು ಸಾಮಾನ್ಯವಾಗಿ ಕರೆಯಲಾಗುವ 1938ರ ಬ್ಯೂಕ್ ವೈ-ಜಾಬ್ ಮಾತ್ರ ಚೆನ್ನಾಗಿ ಓಡುತ್ತಿತ್ತು. ಅದನ್ನು ರೂಪಿಸಿದ ಹಾರ್ಲಿ ಅರ್ಲ್ ಅವರೇ ವರ್ಷಗಟ್ಟಲೆ ಅದನ್ನು ಬಳಸಿದರು. ಮುಚ್ಚಿಕೊಳ್ಳುವ ಮುಂದೀಪ, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ ಅದರಲ್ಲಿ ಆಗಲೇ ಇದ್ದವು. ಇದಕ್ಕೆ ವ್ಯತಿರಿಕ್ತವಾಗಿ 1966ರಲ್ಲಿ ಜಿನೀವಾದಲ್ಲಿ ಎಲ್ಲರನ್ನೂ ಸೆಳೆದ ಲ್ಯಾಂಬೋರ್ಗಿನಿ ಮಿಯುರಾ ಕಾರಿನಲ್ಲಿ ಇಂಜಿನ್ ಇರಬೇಕಾದ ಜಾಗದಲ್ಲಿ ಭಾರ ತುಂಬಿ, ಮುಚ್ಚಳವನ್ನು ಯಾರೂ ತೆರೆಯದಂತೆ ಮುಚ್ಚಿಡಲಾಗಿತ್ತು. 1971ರಲ್ಲಿ ಅಲ್ಲೇ ತೋರಿಸಿದ ಹಳದಿ ಕೌಂಟಾಶ್ 1974ರಲ್ಲಿ ಮಾರಾಟಕ್ಕೆ ಬರುವ ಹೊತ್ತಿಗೆ, ಇಂಜಿನ್ನನ್ನು ತಣ್ಣಗಿಡಲು ಅದರ ನುಣುಪಾದ ಮೈಗೆ ಗಾಳಿ ಹೋಗುವ ದೊಡ್ಡ ಕಿಂಡಿಗಳು ಸೇರಿದವು. ನಿಮ್ಮ ಪತ್ನಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಮುಂದಿನ ಸಲ ಸ್ಟಾಲಿನಲ್ಲಿರುವವರನ್ನೇ, "ಇದು ಓಡುತ್ತದೆಯೇ?" ಎಂದು ಕೇಳಲು ಹೇಳಿ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ನನಗೆ ಮೊಣಕಾಲು ನೋವಿದೆ. ಹೊಸ ಕಾರುಗಳು ನಮಗೆ ಬೇಡ, ಹಳೆಯ ಕಾಲದ ಕಾರುಗಳ ಪ್ರದರ್ಶನಕ್ಕೆ ಹೋಗಿಬರಬೇಕೆಂಬ ಆಸೆ. ಏನನ್ನು ನೋಡಬೇಕು?

ಉತ್ತರ: ಹಳೆಯ ಕಾರುಗಳ ಪ್ರದರ್ಶನಗಳೇ ನಿಮಗೆ ಹೆಚ್ಚು ಹಿತ. ಅವು ಹೆಚ್ಚಾಗಿ ತೆರೆದ ಬಯಲಿನಲ್ಲಿ, ಹುಲ್ಲಿನ ಮೇಲೆ ನಡೆಯುತ್ತವೆ, ಗದ್ದಲವೂ ಕಡಿಮೆ. ಮಡಚುವ ಸಣ್ಣ ಕುರ್ಚಿ ಒಯ್ಯಲು ಬಿಡುತ್ತಾರೆಯೇ, ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇಟಲಿಯ ಕೋಮೋ ಸರೋವರದ ದಡದಲ್ಲಿ 1929ರಿಂದ ಹೆಸರಾದ ವಿಲ್ಲಾ ಡೆಸ್ಟೆ, ಅಮೆರಿಕದಲ್ಲಿ 1950ರಲ್ಲಿ ಆರಂಭವಾದ ಪೆಬಲ್ ಬೀಚ್ ಮುಂತಾದ ಕಡೆ ತೀರ್ಪುಗಾರರು ಪ್ರತಿ ಕಾರನ್ನೂ ಪರಿಶೀಲಿಸಿ ಬಹುಮಾನ ಕೊಡುತ್ತಾರೆ. ಥಳಥಳ ಹೊಳೆಯುವ ಕಾರುಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ದುರಸ್ತಿ ಕಾಣದೆ, ಮೂಲ ಬಣ್ಣ ಮಾಸಿ, ಸೀಟಿನ ತೊಗಲು ಬಿರಿದಿರುವ ಕಾರುಗಳನ್ನು ಹುಡುಕಿ ನೋಡಿ. ಬಣ್ಣ ಮತ್ತೆ ಹೊಡೆಯಬಹುದು, ಆದರೆ ಒಮ್ಮೆ ತೆಗೆದುಹಾಕಿದ ಮೂಲವನ್ನು ಯಾರೂ ಮರಳಿ ತರಲಾರರು ಎಂಬ ಅರಿವಿನಿಂದ ಈಗ ಅಂಥವುಗಳಿಗೇ ಪ್ರತ್ಯೇಕ ವಿಭಾಗಗಳಿವೆ. ಕಾರಿನ ಪಕ್ಕದಲ್ಲಿ ಕುಳಿತಿರುವವರು ಬಹುತೇಕ ಅದರ ಒಡೆಯರೇ ಆಗಿರುತ್ತಾರೆ. ಕಾರನ್ನು ಮುಟ್ಟಬೇಡಿ, ಒಡೆಯರನ್ನು ಮಾತನಾಡಿಸಿ. ಬಿಡಿಭಾಗವೊಂದಕ್ಕಾಗಿ ಎಲ್ಲೆಲ್ಲಿ ಹುಡುಕಿದಿರಿ ಎಂದು ಕೇಳಿದರೆ ಸಾಕು, ಅವರ ಮಾತು ಶುರುವಾಗುತ್ತದೆ. ನೀವು ಚಿಕ್ಕವರಿದ್ದಾಗ ಕಂಡ ಕಾರು ಅಲ್ಲಿದ್ದರೆ ಅದನ್ನು ಅವರಿಗೆ ಹೇಳಿ, ಅವರಿಗೂ ಅದು ಬೇಕಾದ ಮಾತೇ.

ಪ್ರಶ್ನೆ: ವರ್ಷಗಳಿಂದ ಜಿನೀವಾ ಪ್ರದರ್ಶನ ನೋಡುವ ಕನಸಿತ್ತು. ಅದು ನಿಂತುಹೋಯಿತು ಎಂದು ಕೇಳಿ ಇಬ್ಬರಿಗೂ ಬೇಸರವಾಗಿದೆ. ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಬೇಸರ ನನ್ನದೂ ಹೌದು. 1905ರಲ್ಲಿ ಆರಂಭವಾದ ಆ ಪ್ರದರ್ಶನದ ಕೊನೆಯ ಆವೃತ್ತಿ ಜಿನೀವಾದಲ್ಲಿ 2024ರಲ್ಲಿ ನಡೆಯಿತು, ಅದೇ ವರ್ಷ ಸಂಘಟಕರು ಅದನ್ನು ನಿಲ್ಲಿಸುವುದಾಗಿ ಘೋಷಿಸಿದರು. ಜರ್ಮನಿಯ ಪ್ರದರ್ಶನ 2021ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೆ ಹೋಯಿತು, ಟೋಕಿಯೊ ಪ್ರದರ್ಶನ 2023ರಲ್ಲಿ ಜಪಾನ್ ಮೊಬಿಲಿಟಿ ಶೋ ಎಂದು ಹೆಸರು ಬದಲಿಸಿಕೊಂಡಿತು, ಡೆಟ್ರಾಯಿಟ್‌ನದು ತಿಂಗಳನ್ನೇ ಬದಲಿಸುತ್ತ ಬಂದಿದೆ. ಆದ್ದರಿಂದ ಯಾವ ಪ್ರದರ್ಶನಕ್ಕೇ ಆಗಲಿ, ಸಂಘಟಕರ ಅಧಿಕೃತ ಪ್ರಕಟಣೆ ನೋಡದೆ ಪ್ರಯಾಣದ ಟಿಕೆಟ್ ಕೊಳ್ಳಬಾರದು.

ದಂಪತಿಗಳ ವಾರಾಂತ್ಯಕ್ಕೆ ಮ್ಯೂನಿಕ್ ಮಾದರಿ ನನಗೆ ಬಹಳ ಹಿಡಿಸಿದೆ. ಅಲ್ಲಿ ಪ್ರದರ್ಶನದ ಒಂದು ಭಾಗವನ್ನು ನಗರದ ಚೌಕಗಳಲ್ಲೇ ಇಟ್ಟು, ಜನ ಉಚಿತವಾಗಿ ನೋಡಲು ಬಿಡುತ್ತಾರೆ, ನಗರ ಸುತ್ತುವುದೂ ಕಾರು ನೋಡುವುದೂ ಒಂದೇ ನಡಿಗೆಯಲ್ಲಿ ಆಗುತ್ತದೆ. ಪ್ರದರ್ಶನದ ದಿನಕ್ಕೆ ರಜೆ ಹೊಂದದಿದ್ದರೆ ವಸ್ತುಸಂಗ್ರಹಾಲಯಗಳಿವೆ. ಸ್ಟುಟ್‌ಗಾರ್ಟ್‌ನಲ್ಲಿ 2006ರಲ್ಲಿ ತೆರೆದ ಮರ್ಸಿಡಿಸ್-ಬೆಂಜ್ ಸಂಗ್ರಹಾಲಯದಲ್ಲಿ ಲಿಫ್ಟಿನಿಂದ ಮೇಲಕ್ಕೆ ಹೋಗಿ, ಇಳಿಜಾರಿನಲ್ಲಿ ನಿಧಾನವಾಗಿ ಕೆಳಗೆ ಬರುತ್ತ ಮೋಟಾರು ವಾಹನದ ಇಡೀ ಚರಿತ್ರೆಯನ್ನು ಮೊದಲಿನಿಂದ ಇಂದಿನವರೆಗೆ ನೋಡಬಹುದು. ಫ್ರಾನ್ಸಿನ ಮುಲ್‌ಹೌಸ್‌ನಲ್ಲಿ ನೂರಕ್ಕೂ ಹೆಚ್ಚು ಬುಗಾಟಿ ಕಾರುಗಳು ಒಂದೇ ಸೂರಿನಡಿ ಇವೆ. ಕೆಲಸದ ದಿನವೊಂದರಲ್ಲಿ ಹೋದರೆ ಅಲ್ಲಿ ಸಾಲಿಲ್ಲ, ನೂಕುನುಗ್ಗಲಿಲ್ಲ, ಒಂದು ಕಾರಿನ ಮುಂದೆ ಇಬ್ಬರೂ ಎಷ್ಟು ಹೊತ್ತು ನಿಂತರೂ ಸರಿಯಿರಿ ಎನ್ನುವವರಿಲ್ಲ.